ಸೋದರತ್ತೆಯ ಮಾತು

ಆಫ್ರಿಕಾಖಂಡದ ಪೂರ್ವಭಾಗದಲ್ಲಿ ವಿಕ್ಟೋರಿಯಾ ಮಹಾಸರೋವರದ ದಡವನ್ನು ಹಿಡಿದುಕೊಂಡು ಬುಗಾಂಡವೆಂಬ ಹಳೆಯ ರಾಜ್ಯವೊಂದುಂಟು. ಈಗ ಅದು ಉಗಾಂಡ ದೇಶದ ಒಂದು ಭಾಗವಾಗಿದೆ; ದೇಶಕ್ಕೆ ಹೆಸರು ಬಂದುದೂ ಅದರಿಂದಲೇ. ಅಲ್ಲಿಯ ಜನರನ್ನು ಬಗಾಂಡರೆಂದೂ ಅವರ ನುಡಿಯನ್ನು ಲುಗಾಂಡವೆಂದೂ ಕರೆಯುವರು. ಆ ನುಡಿಯಲ್ಲಿ ತಂದೆಯ ಒಡಹುಟ್ಟಿದವಳಿಗೆ ಸೆಂಗಾ ಎಂದು ಹೆಸರು. ಕನ್ನಡದ ಸೋದರತ್ತೆ ಎಂಬ ಮಾತು ಬಾಂಧವ್ಯವನ್ನು ಹೇಳಿ ಅಲ್ಲಿಗೇ ನಿಲ್ಲುವುದು. ಲುಗಾಂಡದ ಸೆಂಗಾ ಎಂಬ ಮಾತಿನಲ್ಲಿ ಬಾಂಧವ್ಯದೊಡನೆ ಒಂದು ಅಧಿಕಾರವೂ ಅಡಗಿದೆ.

ಹರೆಯಕ್ಕೆ ಕಾಲಿಡುವ ಹೆಣ್ಣುಮಗುವಿಗೆ ಮೈಯ ಸಂಗತಿಗಳನ್ನು ತಿಳಿಸಿಕೊಡುವ ಅಧಿಕಾರವದು. ತಂದೆಯು ಮಗಳೊಡನೆ ಈ ವಿಷಯವನ್ನು ಎತ್ತತಕ್ಕದ್ದಲ್ಲ. ಹೆತ್ತ ತಾಯಿಗೂ ಅದು ಮರ್ಯಾದೆಯಲ್ಲ. ಮೈನೆರೆಯುವ ಕಾಲದಲ್ಲಿಯೂ, ಮದುವೆ ಗೊತ್ತಾದಾಗಲೂ, ಮದುವೆಯಾದ ಮೇಲೆ ಗಂಡನೊಡನೆ ಮನಸ್ತಾಪ ಹುಟ್ಟಿದಾಗಲೂ ಹುಡುಗಿಯು ಹೋಗತಕ್ಕದ್ದು ಸೆಂಗಾಳ ಹತ್ತಿರಕ್ಕೆ. ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಬಂದು ತಮ್ಮ ಪರಿಚಯ ಹೇಳಿಕೊಳ್ಳುವ ಕ್ವಾಂಜುಲ ಎಂಬ ಶಾಸ್ತ್ರವೊಂದು ಅಲ್ಲಿ ನಡೆಯುವುದು. ಬಂದವರ ಗುಂಪಿನೊಳಗಿಂದ ವರನನ್ನು ಗುರುತಿಸಿ ಎಲ್ಲರಿಗೂ ತೋರಿಸುವವಳು ಆ ಶಾಸ್ತ್ರದಲ್ಲಿ ಸೆಂಗಾಳೇ.

ಈ ಅಧಿಕಾರವು ತಂದೆಯ ತಂಗಿಗೋ ಅಕ್ಕನಿಗೋ ಏಕೆ ಬಂದಿತೆಂಬುದನ್ನು ತಿಳಿಯಬೇಕಾದರೆ ಬಗಾಂಡರ ಕುಲವ್ಯವಸ್ಥೆಯನ್ನು ಸ್ವಲ್ಪ ನೋಡಬೇಕು. ಅವರಲ್ಲಿ 50ಕ್ಕೆ ಮೇಲ್ಪಟ್ಟು ಕುಲಗಳಿವೆ. ಸಿಂಹ, ಚಿರತೆ, ಆನೆ, ಮಿಡತೆ, ಅಣಬೆ ಹೀಗೆ ಕುಲಕ್ಕೊಂದು ಲಾಂಛನ. ತನ್ನ ಕುಲದ ಲಾಂಛನವನ್ನು ತಿನ್ನಕೂಡದು. ತನ್ನ ಕುಲದೊಳಗೆ ಹೆಣ್ಣು ತರಕೂಡದು. ಗೋತ್ರವನ್ನೂ ಬೆಡಗನ್ನೂ ವಿಚಾರಿಸಿಯೇ ಹೆಣ್ಣುಗಂಡು ನೋಡುವ ನಾಡಿನವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಮಕ್ಕಳು ತಂದೆಯ ಕುಲಕ್ಕೆ ಸೇರುವರು; ತಾಯಿಯು ಬೇರೆ ಕುಲದಿಂದ ಬಂದವಳು. ಹೀಗಾಗಿ ಹುಡುಗಿಯ ಸ್ವಂತ ಕುಲದವಳಾದ ಹಿರಿಯ ಹೆಂಗಸೆಂದರೆ ತಂದೆಯ ಸೋದರಿಯೇ ಸರಿ. ಅವಳು ರಕ್ತಸಂಬಂಧದಿಂದ ತನ್ನವಳು, ಆದರೆ ಮದುವೆಯಾಗಿ ಬೇರೆ ಮನೆಯಲ್ಲಿರುವವಳು. ದಿನಬೆಳಗಾದರೆ ಮುಖ ನೋಡಬೇಕಾದವಳಲ್ಲ. ಅವಳೊಡನೆ ಆಡಿದ ಮಾತು ಸಂಜೆಯ ಊಟದ ಹೊತ್ತಿಗೆ ಮನೆಯ ಗೋಡೆಗಳಿಗೆ ತಿಳಿಯುವುದಿಲ್ಲ. ನಾಚಿಕೆಗೆ ಎಷ್ಟು ದೂರ ಬೇಕೋ ಅಷ್ಟು ದೂರ, ಮಮತೆಗೆ ಎಷ್ಟು ಹತ್ತಿರ ಬೇಕೋ ಅಷ್ಟು ಹತ್ತಿರ. ಇಂಥ ಏರ್ಪಾಡನ್ನು ಯಾವ ಶಿಕ್ಷಣತಜ್ಞರ ಸಮಿತಿಯೂ ಕುಳಿತು ಯೋಚಿಸಿ ಮಾಡಿದ್ದಲ್ಲ. ಮಾಡಿದ್ದರೆ ಇಷ್ಟು ಅಚ್ಚುಕಟ್ಟಾಗಿ ಇರುತ್ತಿರಲಿಲ್ಲ.

ಉಪದೇಶವು ಮೂರು ಬಗೆಯೆಂದು ಆಲಂಕಾರಿಕರು ಹೇಳುವರು. ಅರಸನ ಅಪ್ಪಣೆಯಂತೆ ಇರುವುದು ಪ್ರಭುಸಂಮಿತ, ಗೆಳೆಯನ ಬುದ್ಧಿವಾದದಂತೆ ಇರುವುದು ಸುಹೃತ್ಸಂಮಿತ, ಪ್ರಿಯೆಯ ಸವಿಮಾತಿನಂತೆ ಇರುವುದು ಕಾಂತಾಸಂಮಿತ. ಮಮ್ಮಟಾಚಾರ್ಯನಿಗೆ ಬುಗಾಂಡದ ಪರಿಚಯವಿದ್ದಿದ್ದರೆ ಪಿತೃಷ್ವಸೃಸಂಮಿತವೆಂಬ ನಾಲ್ಕನೆಯದೊಂದನ್ನು ಸೇರಿಸುತ್ತಿದ್ದನೋ ಏನೋ. ಅಪ್ಪಣೆಯ ಬಿಗಿಯೂ ಗೆಳೆತನದ ಸಲಿಗೆಯೂ ಅದರಲ್ಲಿ ಒಟ್ಟಿಗೆ ಇರುವುವು. ಎಲ್ಲಕ್ಕಿಂತ ಮಿಗಿಲಾಗಿ ಅಲ್ಲಿ ತಿರುಗಿ ಪ್ರಶ್ನೆ ಕೇಳುವುದಕ್ಕೆ ಎಡೆಯುಂಟು.

ಹಾಗೆಂದು ಸೆಂಗಾಳ ಪಾಠವೆಲ್ಲ ಅಮೃತವೆಂದು ತಿಳಿಯಬೇಕಾಗಿಲ್ಲ. ಗಂಡನನ್ನು ಸಂತೋಷಪಡಿಸುವುದು ಹೇಗೆ, ಅವನ ಮಾತಿಗೆ ತಲೆಬಾಗುವುದು ಹೇಗೆ ಎಂಬುದೇ ಅದರಲ್ಲಿ ಬಹುಪಾಲು. ಮಕೆರೆರೆ ವಿಶ್ವವಿದ್ಯಾನಿಲಯದಲ್ಲಿ ನ್ಯಾಯಶಾಸ್ತ್ರದ ಪ್ರಾಧ್ಯಾಪಕಿಯಾಗಿದ್ದ ಸಿಲ್ವಿಯಾ ತಮಾಲೆ ಎಂಬವರು 2005ರಲ್ಲಿ ಈ ಸಂಸ್ಥೆಯನ್ನು ಕುರಿತು ಒಂದು ಪ್ರಬಂಧವನ್ನು ಬರೆದರು. ಹೆಣ್ಣನ್ನು ಅಧೀನದಲ್ಲಿಡುವ ಬೋಧನೆಯೂ, ಹೆಣ್ಣಿಗೆ ತನ್ನ ಮೈಮನಸ್ಸುಗಳ ಮೇಲೆ ಹಿಡಿತವನ್ನು ಕೊಡುವ ಬೋಧನೆಯೂ ಒಬ್ಬಳೇ ಸೆಂಗಾಳ ಬಾಯಿಂದ ಹೊರಡುವುದೆಂಬುದನ್ನು ಅವರು ಎತ್ತಿ ತೋರಿಸಿರುವರು. ಗಂಡುಹುಡುಗರಿಗಂತೂ ಇಷ್ಟು ಖಚಿತವಾದ ಏರ್ಪಾಡು ಬಹುಮಟ್ಟಿಗೆ ಇರಲೇ ಇಲ್ಲ.

ಇಂಥ ನಾಡಿಗೆ ಮಾರಿ ಬಂದಿತು. 1982ರ ಸುಮಾರಿನಲ್ಲಿ ತಾಂಜಾನಿಯಾದ ಗಡಿಯ ಹತ್ತಿರ, ರಾಕಾಯಿ ಪ್ರಾಂತದ ಕಸೆನ್ಸೆರೊ ಎಂಬ ಮೀನುಗಾರರ ಹಳ್ಳಿಯಲ್ಲಿ, ಗಟ್ಟಿಮುಟ್ಟಾದ ಪ್ರಾಯದವರು ಕಾರಣವಿಲ್ಲದೆ ಕೃಶರಾಗಿ ಸಾಯತೊಡಗಿದರು. ಮೈ ಬತ್ತಿಹೋಗುತ್ತಿದ್ದುದರಿಂದ ಜನರು ಅದಕ್ಕೆ ಸ್ಲಿಮ್ ಎಂದು ಹೆಸರಿಟ್ಟರು. ಗಡಿಯಾಚೆಯ ವ್ಯಾಪಾರಿಗಳಿಗೆ ಮೋಸಮಾಡಿದವರ ಮೇಲೆ ಅವರು ಮಾಡಿಸಿದ ಮಾಟವಿದೆಂದು ಮೊದಮೊದಲು ನಂಬಿದರು. ಮಾಟವೆಂದು ತಿಳಿದ ಮೇಲೆ ಮಾಟವನ್ನು ತೆಗೆಯುವವರಿಗೆ ಸುಗ್ಗಿ. ರೋಗವು ತನ್ನ ಪಾಡಿಗೆ ತಾನು ಹಬ್ಬಿತು. ಅದು ಬೇರೆ ದೇಶಗಳಲ್ಲಿ ಏಡ್ಸ್ ಎಂದು ಹೆಸರಾಗಿದ್ದ ವ್ಯಾಧಿಯೇ ಎಂಬುದನ್ನು ಉಗಾಂಡದ ವೈದ್ಯರೂ ಅವರ ಜೊತೆಯವರೂ 1985ರಲ್ಲಿ ಲಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಆಗ ದೇಶದಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು, ಕೇಳುವವರಿಲ್ಲ.

1986ರ ಜನವರಿಯಲ್ಲಿ ಯೊವೆರಿ ಮುಸೆವೆನಿಯವರು ಅಧಿಕಾರಕ್ಕೆ ಬಂದರು. ಅದೇ ವರ್ಷದ ಮೇ ತಿಂಗಳಲ್ಲಿ ಅವರ ಆರೋಗ್ಯಮಂತ್ರಿ ರುಹಕಾನ ರುಗುಂಡರವರು ಜಿನೀವಾದಲ್ಲಿ ಕೂಡಿದ ವಿಶ್ವ ಆರೋಗ್ಯ ಸಭೆಯ ಮುಂದೆ ತಮ್ಮ ದೇಶದಲ್ಲಿ ಏಡ್ಸ್ ಇದೆಯೆಂದು ಬಾಯಿಬಿಟ್ಟು ಹೇಳಿದರು. ಪ್ರವಾಸಿಗರು ಬರಲಾರರೆಂದೂ ಮಾನ ಹೋಗುವುದೆಂದೂ ಅಕ್ಕಪಕ್ಕದ ಸರ್ಕಾರಗಳು ಆ ಮಾತನ್ನು ಮುಚ್ಚಿಡುತ್ತಿದ್ದ ಕಾಲವದು. ಆ ವರ್ಷದ ಸೆಪ್ಟೆಂಬರಿನಲ್ಲಿ ಹರಾರೆಯ ಅಲಿಪ್ತರಾಷ್ಟ್ರಗಳ ಸಮ್ಮೇಳನದಲ್ಲಿ ಕ್ಯೂಬಾದ ಫಿಡೆಲ್ ಕಾಸ್ಟ್ರೋ ತಮ್ಮನ್ನು ಪಕ್ಕಕ್ಕೆ ಕರೆದು ಹೇಳಿದ ಸಂಗತಿಯನ್ನು ಮುಸೆವೆನಿಯವರು ಮುಂದೆ ಅನೇಕ ಸಲ ಹೇಳಿಕೊಂಡಿರುವರು: ತರಬೇತಿಗೆಂದು ಕ್ಯೂಬಾಕ್ಕೆ ಕಳುಹಿಸಿದ್ದ 60 ಮಂದಿ ಸೈನಿಕರಲ್ಲಿ 18 ಮಂದಿಗೆ ಸೋಂಕು ಇತ್ತಂತೆ.

ಅಲ್ಲಿಂದ ಮುಂದೆ ರೇಡಿಯೋದಲ್ಲಿ ಅಪಾಯದ ನಗಾರಿಯ ಸದ್ದಿನೊಡನೆ ಎಚ್ಚರಿಕೆಯ ಮಾತು ಕೇಳಿಸತೊಡಗಿತು. ಆಗಿನ ಘೋಷಣೆಗಳಲ್ಲಿ ಬಹು ಪ್ರಸಿದ್ಧವಾದದ್ದು ದನಕಾಯುವವರ ಭಾಷೆಯದು. ಊರೆಲ್ಲ ಮೇಯಲು ಬಿಡದೆ ಹಸುವನ್ನು ಮನೆಯ ಹಟ್ಟಿಯಲ್ಲಿಯೇ ಕಟ್ಟಿ ಮೇವು ಹಾಕುವ ಪದ್ಧತಿಗೆ ಅಲ್ಲಿ ಜೀರೋ ಗ್ರೇಜಿಂಗ್ ಎನ್ನುವರು. ಗಂಡಸರು ಹಾಗಿರಬೇಕೆಂಬುದು ಸರ್ಕಾರದ ಬೋಧನೆ. ದನವುಳ್ಳ ಜನಕ್ಕೆ ಇದರ ಅರ್ಥ ಹೇಳಬೇಕಾಗಿರಲಿಲ್ಲ; ಕೇಳಿದವರು ನಕ್ಕರು, ನಕ್ಕವರು ನೆನಪಿಟ್ಟುಕೊಂಡರು. ಹಟ್ಟಿಯಲ್ಲಿ ಎಷ್ಟು ಹಸುಗಳಿರಬಹುದೆಂಬ ಪ್ರಶ್ನೆಯನ್ನು ಘೋಷಣೆಯು ಜಾಣತನದಿಂದ ಎತ್ತಲಿಲ್ಲ.

ರೋಗಿಗಳ ಮುಖವನ್ನು ಜನರಿಗೆ ತೋರಿಸಿದವರು ಬೇರೆ. ನೊಯೆರಿನ್ ಕಲೀಬಾ ಎಂಬ ತಾಯಿಯ ಪತಿ 1987ರ ಜನವರಿಯಲ್ಲಿ ಏಡ್ಸಿನಿಂದ ತೀರಿಕೊಂಡರು. ಅದೇ ವರ್ಷ ಆಕೆಯೂ ಅಂಥದೇ ದುಃಖದಲ್ಲಿದ್ದ ಕೆಲವರೂ ಕೂಡಿ ತಾಸೋ ಎಂಬ ಆಸರೆಯ ಸಂಸ್ಥೆಯನ್ನು ಕಟ್ಟಿದರು. 1989ರಲ್ಲಿ ಫಿಲಿ ಬೊಂಗೊಲೆ ಲುತಾಯ ಎಂಬ ಜನಪ್ರಿಯ ಗಾಯಕ ಸ್ವೀಡನ್ನಿನಿಂದ ಊರಿಗೆ ಬಂದು, ತನಗೆ ಈ ರೋಗವಿದೆಯೆಂದು ಎಲ್ಲರೆದುರು ಹೇಳಿದ. ಹಣ ತೆಗೆದುಕೊಂಡು ನಟಿಸುತ್ತಿದ್ದಾನೆಂದು ಕೆಲವರು ಆಡಿಕೊಂಡರು. ಅವನು ಶಾಲೆಯಿಂದ ಶಾಲೆಗೆ, ಚರ್ಚಿನಿಂದ ಚರ್ಚಿಗೆ ಹೋಗಿ ಹುಡುಗರೊಡನೆ ಮಾತನಾಡಿದ, ಹಾಡಿದ. ಪ್ರತಿಸಲ ನೋಡಿದಾಗಲೂ ಮೊದಲಿಗಿಂತ ಇಳಿದುಹೋಗಿದ್ದ. ಆ ವರ್ಷದ ಡಿಸೆಂಬರ್ 15ರಂದು ತೀರಿಕೊಂಡ. ಆಡಿಕೊಂಡವರು ಅಂದು ಸುಮ್ಮನಾದರು.

ಈ ವ್ಯಾಧಿಯು ಕೊಂದುದು ಪ್ರಾಯದವರನ್ನು. ಎಂದರೆ ಮಕ್ಕಳನ್ನು ಹೆತ್ತವರನ್ನು, ಆ ಮಕ್ಕಳ ಸೋದರತ್ತೆಯಾಗಬೇಕಾದವರನ್ನು. ರಾಕಾಯಿಯ ಹಳ್ಳಿಗಳಲ್ಲಿ ಅಜ್ಜಿಯೂ ಮೊಮ್ಮಕ್ಕಳೂ ಮಾತ್ರ ಉಳಿದ ಮನೆಗಳಿದ್ದುವು. ಹದಿಮೂರು ಹದಿನಾಲ್ಕರ ಹುಡುಗಿಯೇ ಯಜಮಾನಿಯಾಗಿದ್ದ ಮನೆಗಳೂ ಇದ್ದುವು. ಬದುಕಿದ್ದ ಸೆಂಗಾಗಳೂ ದೂರವಾಗಿದ್ದರು. ಅಷ್ಟು ವರ್ಷಗಳ ಕಾಳಗ ಊರುಗಳನ್ನು ಚದರಿಸಿತ್ತು, ಜನರು ಕೆಲಸ ಹುಡುಕಿಕೊಂಡು ಕಂಪಾಲ ನಗರವನ್ನು ಸೇರಿದ್ದರು, ಮಕ್ಕಳು ವಸತಿಶಾಲೆಗಳಲ್ಲಿದ್ದರು. ಯಾವ ಕಾಲದಲ್ಲಿ ಹುಡುಗಿಗೆ ಹೇಳುವವಳೊಬ್ಬಳು ಅತ್ಯಂತ ಅವಶ್ಯಕವಾಗಿದ್ದಳೋ ಆ ಕಾಲದಲ್ಲಿಯೇ ಆ ಪೀಠ ತೆರವಾಯಿತು. ನಗಾರಿಯೇನೋ ಬಾರಿಸುತ್ತಿತ್ತು. ನಗಾರಿಯನ್ನು ಪ್ರಶ್ನೆ ಕೇಳುವಂತಿಲ್ಲ.

ಶಾಲೆಯು ಆ ಪೀಠವನ್ನು ತುಂಬಬಹುದಾಗಿತ್ತಲ್ಲವೆ ಎನ್ನಬಹುದು. ಶಾಲೆಯ ಕಷ್ಟವು ಎಲ್ಲ ದೇಶಗಳಲ್ಲಿಯೂ ಒಂದೇ. ಅಮರಕೋಶದ ಮನುಷ್ಯವರ್ಗದಲ್ಲಿ ರಜಸ್ವಲೆಗೂ ಗರ್ಭಿಣಿಗೂ ಗುಹ್ಯಾಂಗಗಳಿಗೂ ಇರುವ ಪರ್ಯಾಯಪದಗಳನ್ನು ಎಂಟು ಹತ್ತು ವರ್ಷದ ವಟುಗಳು ತಲೆಯಾಡಿಸುತ್ತ ಉರುಹೊಡೆಯುವುದು ಹಳೆಯ ಪಾಠಶಾಲೆಗಳ ಜಗಲಿಯಲ್ಲಿ ಯಾರಿಗಾದರೂ ಕೇಳಿಸುತ್ತಿತ್ತು. ಶಬ್ದವು ಬಾಯಿಗೆ ಬಂದಿತು. ಅರ್ಥ ಕೇಳಿದವನಿಗೆ ಮುಂದಿನ ಶ್ಲೋಕ ಹೇಳು ಎಂಬುದೇ ಉತ್ತರ. ಉಗಾಂಡದ ಜೀವಶಾಸ್ತ್ರದ ತರಗತಿಯೂ ಇದಕ್ಕಿಂತ ಬಹಳ ಮುಂದೆ ಹೋಗಿರಲಿಲ್ಲ.

1993ರ ಅಕ್ಟೋಬರಿನಲ್ಲಿ ಕಂಪಾಲದ ನ್ಯೂ ವಿಷನ್ ದಿನಪತ್ರಿಕೆಯೊಡನೆ ಒಂದು ಸಣ್ಣ ಪುರವಣಿ ಹೊರಬಂದಿತು. ಅದರ ಹೆಸರು ಸ್ಟ್ರೇಟ್ ಟಾಕ್, ಎಂದರೆ ನೇರಮಾತು. ಕ್ಯಾಥರೀನ್ ವಾಟ್ಸನ್, ಆನ್ ಅಕಿಯಾ ಫೀಡ್ಲರ್ ಎಂಬವರು ಅದನ್ನು ಬೆಳೆಸಿದರು. ಮೊದಲಿಗೆ ಯೂನಿಸೆಫ್ ಸಂಸ್ಥೆಯ ಸಹಾಯವಿತ್ತು. ಅದನ್ನು ಪ್ರೌಢಶಾಲೆಗಳಿಗೂ ಕಳುಹಿಸುತ್ತಿದ್ದರು. ಒಂದು ಪ್ರತಿ ಎಷ್ಟು ಕೈಗಳನ್ನು ದಾಟುತ್ತಿತ್ತೆಂಬುದನ್ನು ಊಹಿಸಬಹುದು. ಹಾಸ್ಟೆಲಿನ ಹುಡುಗರ ಕೈಗೆ ಸಿಕ್ಕಿದ ಇಂಥ ಕಾಗದವು ಮಡಿಕೆಗಳಲ್ಲಿ ಹರಿಯುವವರೆಗೂ ಓಡಾಡುವುದು. ಪತ್ರಿಕೆಯ ಜೀವಾಳವಾಗಿದ್ದುದು ಸಂಪಾದಕರ ಲೇಖನಗಳಲ್ಲ, ಹುಡುಗ ಹುಡುಗಿಯರು ಬರೆದ ಕಾಗದಗಳು. ಮೊದಲ ಸಲಕ್ಕೇ ಬಸಿರಾಗುವುದುಂಟೆ? ಮುಟ್ಟಿನ ನೋವು ರೋಗವೆ? ಕನಸಿನಲ್ಲಿ ಸ್ಖಲನವಾದರೆ ಏನೋ ಕೆಟ್ಟಿತೆಂದು ಅರ್ಥವೆ? ಶಾಲೆಯ ಫೀಸು ಕೊಡುವೆನೆನ್ನುವ ದೊಡ್ಡ ಮನುಷ್ಯನಿಗೆ ಏನೆಂದು ಹೇಳುವುದು? ಇಂಥವುಗಳಿಗೆ ನಗೆಚಾಟಿಕೆಯಿಲ್ಲದೆ, ಬೈಗುಳವಿಲ್ಲದೆ, ವೈದ್ಯರನ್ನೂ ಸಲಹೆಗಾರರನ್ನೂ ಕೇಳಿ ಉತ್ತರ ಬರೆಯುತ್ತಿದ್ದರು. ಕಾದುಕೊಂಡಿರುವುದು ಒಳ್ಳೆಯದೆಂದು ಧೈರ್ಯವಾಗಿ ಹೇಳುತ್ತಿದ್ದರು; ಕಾದುಕೊಂಡಿರಲಾರದವರಿಗೆ ಕಾಂಡೋಮಿನ ವಿಷಯವನ್ನೂ ಅಷ್ಟೇ ಧೈರ್ಯವಾಗಿ ಹೇಳುತ್ತಿದ್ದರು.

ಅಲ್ಲಿಯ ಗಂಡುಹುಡುಗರಲ್ಲಿ ಹಬ್ಬಿದ್ದ ಒಂದು ನಂಬಿಕೆಯು ಭಾರತದವರಿಗೆ ವಿಚಿತ್ರವಾಗಿ ಕಾಣುವುದು. ಬಹುಕಾಲ ಬ್ರಹ್ಮಚರ್ಯದಲ್ಲಿದ್ದರೆ ಮೈಗೆ ರೋಗ ಬರುವುದೆಂದು ಅವರಲ್ಲಿ ಅನೇಕರು ಹೆದರುತ್ತಿದ್ದರು. ರೇತಸ್ಸು ಹೋದರೆ ಆಯುಸ್ಸು ಹೋಯಿತೆಂದು ಹೆದರಿ, ಬಸ್ಸುನಿಲ್ದಾಣದ ಗೋಡೆಗಳ ಮೇಲಿನ ಗುಪ್ತರೋಗವೈದ್ಯರ ವಿಳಾಸಗಳನ್ನು ಬರೆದುಕೊಳ್ಳುವ ಹುಡುಗರು ಇತ್ತ ಭಾರತದಲ್ಲಿ. ಇಟ್ಟುಕೊಂಡರೆ ಕೇಡೆಂದು ಅಲ್ಲಿ, ಬಿಟ್ಟರೆ ಕೇಡೆಂದು ಇಲ್ಲಿ; ಎರಡೂ ಸುಳ್ಳು. ಎರಡು ಕಡೆಯೂ ಕೇಳುವುದಕ್ಕೆ ಒಬ್ಬ ಹಿರಿಯನಿಲ್ಲದಿರುವಾಗ ಸುಳ್ಳು ಬೆಳೆಯುವುದೂ ಅದನ್ನು ಮಾರುವವರು ಬೆಳೆಯುವುದೂ ಒಂದೇ ರೀತಿ.

1998ರಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳಿಗಾಗಿ ಯಂಗ್ ಟಾಕ್ ಎಂಬ ತಂಗಿಪತ್ರಿಕೆಯೂ ಹುಟ್ಟಿತು. ಅದರ ಮುಂದಿನ ವರ್ಷ ರೇಡಿಯೋ ಕಾರ್ಯಕ್ರಮ ಪ್ರಾರಂಭವಾಗಿ, ಇಂಗ್ಲಿಷಿನಿಂದ ಹೊರಟು ದೇಶದ ಹಲವು ನುಡಿಗಳಿಗೆ ಹಬ್ಬಿತು. ಓದುಬಾರದವನಿಗೂ ತನ್ನ ಮನೆಮಾತಿನಲ್ಲಿ ಉತ್ತರ ಸಿಕ್ಕಿತು. ಇಂಥ ವಿಷಯವನ್ನು ಪರಭಾಷೆಯಲ್ಲಿ ಆಡುವುದು ಸುಲಭ, ಏಕೆಂದರೆ ಅಲ್ಲಿಯ ಪದಗಳು ಚುಚ್ಚುವುದಿಲ್ಲ. ಆದರೆ ಚುಚ್ಚದ ಪದ ನಾಟುವುದೂ ಇಲ್ಲ. ಅದೇ ಕಾಲದಲ್ಲಿ ಮಸಾಕ ಪ್ರಾಂತದ ಹಳ್ಳಿಗಾಡಿನಲ್ಲಿ ಸಂಶೋಧಕರು ಹಳೆಯ ದಾರಿಯನ್ನೇ ಹಿಡಿದರು. ಊರ ಹೆಂಗಸರಲ್ಲಿ ಕೆಲವರನ್ನು ಆರಿಸಿ, ಅವರಿಗೆ ಎಚ್.ಐ.ವಿ. ಸೋಂಕಿನ ವಿಷಯವನ್ನು ಕಲಿಸಿ, ಊರಿನ ಹರೆಯದ ಹುಡುಗಿಯರಿಗೆಲ್ಲ ಸೆಂಗಾಗಳನ್ನಾಗಿ ನಿಲ್ಲಿಸಿದರು. ಈ ಪ್ರಯತ್ನದ ವಿವರ 2003ರಲ್ಲಿ ಪ್ರಕಟವಾಯಿತು. ಸ್ವಂತ ಅತ್ತೆ ಸತ್ತವಳಿಗೆ ಊರ ಅತ್ತೆ.

ಇದೆಲ್ಲದರ ಫಲವೇನು? 1990ರ ಆಚೀಚೆ ಕಂಪಾಲದ ಕೆಲವು ಆಸ್ಪತ್ರೆಗಳಲ್ಲಿ ಬಸಿರಿನ ತಪಾಸಣೆಗೆ ಬಂದ ಹೆಂಗಸರಲ್ಲಿ ನೂರಕ್ಕೆ ಸುಮಾರು 30 ಮಂದಿಯ ರಕ್ತದಲ್ಲಿ ಸೋಂಕು ಕಂಡಿತ್ತು. ಹತ್ತು ವರ್ಷಗಳಲ್ಲಿ ಅದು ನೂರಕ್ಕೆ 10ರ ಸುಮಾರಿಗೆ ಇಳಿಯಿತು. ಸೋಂಕುಳ್ಳವರು ಸತ್ತುಹೋದುದೂ ಇಳಿತಕ್ಕೆ ಒಂದು ಕಾರಣ. ಅದನ್ನು ಮರೆತು ಎಲ್ಲವೂ ಬೋಧನೆಯ ಮಹಿಮೆಯೆಂದು ಸಾರುವುದು ಸತ್ಯಕ್ಕೆ ದೂರ. ಆದರೆ ಜನರ ನಡತೆ ಬದಲಾದುದೂ ನಿಜ. ಇನ್ನೊಂದು ಲೆಕ್ಕವು ಇದಕ್ಕಿಂತ ಹೆಚ್ಚು ಮಾತನಾಡುವುದು. 15ರಿಂದ 19 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಆಗಲೇ ತಾಯಂದಿರಾದವರು ಅಥವಾ ಮೊದಲ ಬಸಿರಿನಲ್ಲಿರುವವರು ಎಷ್ಟೆಂದು ಸರ್ಕಾರದ ಸಮೀಕ್ಷೆಗಳು ಎಣಿಸುತ್ತ ಬಂದಿವೆ. 1995ರಲ್ಲಿ ನೂರಕ್ಕೆ 43, 2006ರಲ್ಲಿ 25. ಹನ್ನೊಂದೇ ವರ್ಷಗಳಲ್ಲಿ ಇಷ್ಟು ಇಳಿತವು ಸಾಮಾನ್ಯವಲ್ಲ. ಆ ಮೇಲೆ 2016ರಲ್ಲಿ 25, 2022ರಲ್ಲಿ 24. ಗಾಡಿಯು ಅಲ್ಲಿಯೇ ಹೂತುಕೊಂಡಿದೆ.

ಹೂತುಕೊಂಡದ್ದು ಏಕೆಂಬುದಕ್ಕೆ ಬಡತನವೇ ಮೊದಲಾಗಿ ನಾನಾ ಕಾರಣಗಳುಂಟು. ಹೇಳುವ ಬಗೆಯಲ್ಲಿ ಬಂದ ಬದಲಾವಣೆಯೂ ಅವುಗಳಲ್ಲಿ ಒಂದು. ಇದನ್ನು ತಿಳಿಯಲು ನೆರೆಯ ಕೀನ್ಯಾ ದೇಶದಲ್ಲಿ ನಡೆದ ಒಂದು ಪರೀಕ್ಷೆಯನ್ನು ನೋಡಬೇಕು. 2004ರಲ್ಲಿ ಪಾಸ್ಕಲೀನ್ ದ್ಯುಪಾ ಎಂಬ ಅರ್ಥಶಾಸ್ತ್ರಜ್ಞೆಯು ಕೀನ್ಯಾದ ಪಶ್ಚಿಮದ ಹಳ್ಳಿಗಳಲ್ಲಿ 328 ಪ್ರಾಥಮಿಕ ಶಾಲೆಗಳನ್ನು ತೆಗೆದುಕೊಂಡರು. ಕೆಲವು ಶಾಲೆಗಳ ಉಪಾಧ್ಯಾಯರಿಗೆ ಸರ್ಕಾರದ ಪಠ್ಯಕ್ರಮದಂತೆ ತರಬೇತಿ ಕೊಡಲಾಗಿತ್ತು. ಮದುವೆಯವರೆಗೂ ಸಂಯಮದಿಂದಿರಿ ಎಂಬುದು ಅದರ ಸಾರ. ಬೇರೆಯಾಗಿ 71 ಶಾಲೆಗಳಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ 40 ನಿಮಿಷಗಳ ಒಂದೇ ಒಂದು ಪಾಠ. ಆ ಪಾಠದಲ್ಲಿ ಉಪದೇಶವೇ ಇರಲಿಲ್ಲ. ಯಾವ ವಯಸ್ಸಿನ ಗಂಡಸರಲ್ಲಿ ಸೋಂಕು ಎಷ್ಟಿದೆಯೆಂಬ ಲೆಕ್ಕವನ್ನು ಹಲಗೆಯ ಮೇಲೆ ಬರೆದು ತೋರಿಸಿದರು. ಒಂದು ಚಿಕ್ಕ ಚಿತ್ರವನ್ನು ತೋರಿಸಿ ಮಾತನಾಡಿಸಿದರು. ಕೈಯಲ್ಲಿ ಕಾಸುಳ್ಳ ನಡುವಯಸ್ಸಿನವನು ಜವಾಬ್ದಾರಿಯವನೆಂದು ಹುಡುಗಿಯರು ತಿಳಿದಿದ್ದರು. ತಮ್ಮ ಓರಗೆಯ ಹುಡುಗರಿಗಿಂತ ಅವನಲ್ಲಿಯೇ ಅಪಾಯ ಎಷ್ಟೋ ಪಾಲು ಹೆಚ್ಚೆಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಮುಂದಿನ ಒಂದು ವರ್ಷದಲ್ಲಿ ಆ ಶಾಲೆಗಳ ಹುಡುಗಿಯರಲ್ಲಿ ಬಸಿರಾದವರು ನೂರಕ್ಕೆ 28ರಷ್ಟು ಕಡಿಮೆಯಾದರು. ದೊಡ್ಡವರಿಂದಾದ ಬಸಿರಂತೂ ಅರ್ಧಕ್ಕಿಂತ ಹೆಚ್ಚು ಇಳಿಯಿತು. ತರಬೇತಿ ಪಡೆದ ಉಪಾಧ್ಯಾಯರ ಶಾಲೆಗಳಲ್ಲಿ ಬಸಿರಿನ ಲೆಕ್ಕ ಕದಲಲಿಲ್ಲ. ದ್ಯುಪಾರವರು ಇದನ್ನು 2011ರಲ್ಲಿ ಪ್ರಕಟಿಸಿದರು. ವರ್ಷಗಟ್ಟಲೆ ಪಾಠ ಹೇಳಿದ ಉಪಾಧ್ಯಾಯವರ್ಗಕ್ಕೆ ಈ 40 ನಿಮಿಷದ ಲೆಕ್ಕವು ಅಷ್ಟೇನೂ ರುಚಿಸುವಂಥದಲ್ಲ.

ಸೆಂಗಾಳ ಪಾಠವೂ ಇದೇ ಜಾತಿಯದು. ಹುಷಾರಾಗಿರು ಎನ್ನುವುದಕ್ಕೆ ಅತ್ತೆಯೇ ಬೇಕಾಗಿಲ್ಲ. ಯಾರೊಡನೆ ಹುಷಾರಾಗಿರಬೇಕು, ಅವನು ಏನೇನು ಹೇಳುವನು, ಅದಕ್ಕೆ ಏನು ಉತ್ತರ ಕೊಡಬೇಕು ಎನ್ನುವುದಕ್ಕೆ ಅತ್ತೆ ಬೇಕು.

ಉಗಾಂಡದಲ್ಲಿ ಗಾಳಿಯು ಬೇರೆ ದಿಕ್ಕಿಗೆ ಬೀಸಿತು. 2003ರಲ್ಲಿ ಅಮೆರಿಕದ ಅಧ್ಯಕ್ಷ ಬುಷ್‌ರವರು ಏಡ್ಸ್ ಪರಿಹಾರಕ್ಕೆಂದು ಐದು ವರ್ಷಗಳಿಗೆ 1500 ಕೋಟಿ ಡಾಲರುಗಳ ಮಹಾಯೋಜನೆಯನ್ನು ಪ್ರಾರಂಭಿಸಿದರು. ಆ ಹಣದಿಂದ ಔಷಧ ಬಂದು ಲಕ್ಷಾಂತರ ಜೀವಗಳು ಉಳಿದುವು. ಆ ಉಪಕಾರವನ್ನು ಮರೆಯುವುದು ಕೃತಘ್ನತೆ. ಆದರೆ ರೋಗವನ್ನು ತಡೆಯುವುದಕ್ಕೆಂದು ಇಟ್ಟ ಹಣದಲ್ಲಿ ಮೂರನೆಯ ಒಂದು ಪಾಲನ್ನು ಮದುವೆಯವರೆಗಿನ ಸಂಯಮದ ಬೋಧನೆಗೇ ವೆಚ್ಚಮಾಡಬೇಕೆಂದು ಕಾಯಿದೆಯಲ್ಲಿ ಬರೆದಿದ್ದರು. 2008ರಲ್ಲಿ ಆ ಕಟ್ಟನ್ನು ಸಡಿಲಿಸಿದರು. ಅದರ ನಡುವೆ, 2004ರಲ್ಲಿ, ಸರ್ಕಾರವು ಪುಕ್ಕಟೆ ಹಂಚುತ್ತಿದ್ದ ಎಂಗಾಬು ಎಂಬ ಕಾಂಡೋಮು ಗುಣದಲ್ಲಿ ಕಳಪೆಯೆಂದು ಹಿಂದಕ್ಕೆ ತೆಗೆದುಕೊಳ್ಳಲ್ಪಟ್ಟು, ದೇಶದಲ್ಲಿ ಅದಕ್ಕೆ ಅಭಾವ ಬಂದಿತು. ಎಂಗಾಬು ಎಂದರೆ ಗುರಾಣಿ.

2016ರಲ್ಲಿ ಸರ್ಕಾರವು ಶಾಲೆಗಳಲ್ಲಿ ಸಮಗ್ರ ಲೈಂಗಿಕ ಶಿಕ್ಷಣವನ್ನು ನಿಷೇಧಿಸಿತು. ಪರದೇಶದ ಹಣದೊಡನೆ ಪರದೇಶದ ನಡತೆಯೂ ಬರುವುದೆಂದು ಮತಗುರುಗಳೂ ಶಾಸನಸಭೆಯ ಸದಸ್ಯರೂ ಭಯಪಟ್ಟರು. 2018ರ ಮೇ ತಿಂಗಳಲ್ಲಿ ಶಿಕ್ಷಣ ಇಲಾಖೆಯು ಸಂಯಮವನ್ನೇ ಮುಂದಿಟ್ಟುಕೊಂಡು ತನ್ನದೇ ಒಂದು ಚೌಕಟ್ಟನ್ನು ಹೊರಡಿಸಿದಾಗ, ಅದಕ್ಕೂ ಮತಗುರುಗಳ ವಿರೋಧ ಬಂದಿತು. ಅವರ ಭಯವನ್ನು ನಕ್ಕು ತಳ್ಳಿಹಾಕುವುದು ಸರಿಯಲ್ಲ. ಮಕ್ಕಳಿಗೆ ಏನನ್ನು ಕಲಿಸಬೇಕೆಂಬುದನ್ನು ಹಣ ಕೊಟ್ಟವರು ನಿಶ್ಚಯಿಸುವುದನ್ನು ಮಾನವುಳ್ಳ ಯಾವ ಜನಾಂಗವೂ ಒಪ್ಪಲಾರದು. ಸೋಜಿಗವೇನೆಂದರೆ, ನಾಡಿನ ಹಳೆಯ ಸಂಪ್ರದಾಯವನ್ನು ಕಾಪಾಡಬೇಕೆಂದು ಹೊರಟವರ ನಾಡಿನ ಹಳೆಯ ಸಂಪ್ರದಾಯದಲ್ಲಿಯೇ ಸೆಂಗಾ ಇದ್ದಳು. ಅವಳ ಬಾಯಿಯ ಮುಂದೆ ಪರದೇಶದ ಪುಸ್ತಕಗಳು ಬಹಳ ನಾಚಿಕೆಯವು.

2020ರ ಮಾರ್ಚಿಯಲ್ಲಿ ಕೋವಿಡ್ ವ್ಯಾಧಿಗಾಗಿ ಶಾಲೆಗಳನ್ನು ಮುಚ್ಚಿದರು. ನಡುವೆ ಕೆಲವು ತರಗತಿಗಳು ಮಾತ್ರ ತೆರೆದುವು. ಎಲ್ಲ ಮಕ್ಕಳಿಗೂ ಬಾಗಿಲು ತೆರೆದುದು 2022ರ ಜನವರಿ 10ರಂದು. ಲೋಕದಲ್ಲಿ ಇಷ್ಟು ದೀರ್ಘಕಾಲ ಶಾಲೆ ಮುಚ್ಚಿದ ದೇಶ ಬೇರೊಂದಿಲ್ಲ. ಶಾಲೆಯಿಲ್ಲದ ಹುಡುಗಿಯು ಕಾಫಿತೋಟದಲ್ಲಿಯೋ ಅಂಗಡಿಬೀದಿಯಲ್ಲಿಯೋ ಇದ್ದಳು. ಬಾಗಿಲು ತೆರೆದಾಗ ಅನೇಕ ಬೆಂಚುಗಳು ಬರಿದಾಗಿದ್ದುವು; ಬಂದವರಲ್ಲಿ ಕೆಲವರು ಬಸುರಿಯರು, ಕೆಲವರು ಬಾಣಂತಿಯರು. ಮೊದಲು ಇಂಥವರನ್ನು ಶಾಲೆಯಿಂದ ಹೊರಹಾಕುವುದೇ ವಾಡಿಕೆಯಾಗಿತ್ತು. 2020ರ ಕೊನೆಯಲ್ಲಿ ಶಿಕ್ಷಣ ಇಲಾಖೆಯು ಹೊರಡಿಸಿದ ಸೂಚನೆಗಳಂತೆ, ಬಸುರಿಯಾದವಳು ಮೂರು ತಿಂಗಳಾದಾಗ ಶಾಲೆ ಬಿಡಬೇಕು; ಮಗುವಿಗೆ ಆರು ತಿಂಗಳು ತುಂಬಿದ ಮೇಲೆ ಮರಳಿ ಬರಬಹುದು. ಬರುವುದಕ್ಕೆ ಬಿಟ್ಟರೆಂಬುದು ದೊಡ್ಡದೇ. ಮಗುವನ್ನು ಯಾರು ನೋಡಿಕೊಳ್ಳಬೇಕೆಂಬುದು ಮನೆಯವರಿಗೆ ಬಿಟ್ಟ ವಿಷಯ.

ವೈದ್ಯಶಾಸ್ತ್ರವಾದರೋ ತನ್ನ ಕೆಲಸವನ್ನು ಬಿಟ್ಟಿಲ್ಲ. 2024ರಲ್ಲಿ ದಕ್ಷಿಣ ಆಫ್ರಿಕಾ ಮತ್ತು ಉಗಾಂಡಗಳಲ್ಲಿ 16ರಿಂದ 25 ವಯಸ್ಸಿನ ಹೆಣ್ಣುಮಕ್ಕಳಿಗೆ ಲೆನಕಾಪವಿರ್ ಎಂಬ ಔಷಧವನ್ನು ಆರು ತಿಂಗಳಿಗೊಮ್ಮೆ ಚುಚ್ಚುಮದ್ದಾಗಿ ಕೊಟ್ಟು ಪರೀಕ್ಷಿಸಿದ ಫಲ ಹೊರಬಂದಿತು. ಅದನ್ನು ತೆಗೆದುಕೊಂಡ 2134 ಮಂದಿಯಲ್ಲಿ ಒಬ್ಬಳಿಗೂ ಸೋಂಕು ತಗುಲಿರಲಿಲ್ಲ. ನಲವತ್ತು ವರ್ಷಗಳ ಈ ಕಥೆಯಲ್ಲಿ ಇಂಥ ಸೊನ್ನೆಯನ್ನು ಯಾರೂ ಕಂಡಿರಲಿಲ್ಲ. ಹಾಗೆಯೇ 2025ರ ಜನವರಿಯಲ್ಲಿ ಅಮೆರಿಕವು ತನ್ನ ಪರದೇಶದ ನೆರವನ್ನು ಒಮ್ಮೆಗೇ ತಡೆಹಿಡಿಯಿತು. ಆಫ್ರಿಕಾದ ಅನೇಕ ಚಿಕಿತ್ಸಾಲಯಗಳಲ್ಲಿ ಸಲಹೆ ಹೇಳುವ ಕೆಲಸದವರು ಮೊದಲು ಮನೆಗೆ ಹೋದರು. ಔಷಧದ ಪೆಟ್ಟಿಗೆಗಿಂತ ಮಾತನಾಡುವ ಮನುಷ್ಯನು ಲೆಕ್ಕದ ಪುಸ್ತಕದಲ್ಲಿ ಎಂದಿಗೂ ಹಗುರ.

2024ರ ಜನಗಣತಿಯಂತೆ ಉಗಾಂಡದ ಜನಸಂಖ್ಯೆ ಸುಮಾರು 4 ಕೋಟಿ 59 ಲಕ್ಷ. ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು 18 ತುಂಬದವರು. ಕಂಪಾಲದಲ್ಲಿ ಈಗ ಹಣ ತೆಗೆದುಕೊಂಡು ಬುದ್ಧಿ ಹೇಳುವ ಸೆಂಗಾಗಳಿರುವರು. ರೇಡಿಯೋದಲ್ಲಿಯೂ ಪತ್ರಿಕೆಗಳಲ್ಲಿಯೂ ಸೆಂಗಾಳ ಹೆಸರಿನಲ್ಲಿ ಅಂಕಣಗಳು ನಡೆಯುವುವು. ಅವರಲ್ಲಿ ಒಳ್ಳೆಯವರೂ ಇರಬಹುದು, ಬರಿಯ ಬಾಯಿಬಡುಕರೂ ಇರಬಹುದು. ಶಾಲೆ ಮುಚ್ಚಿದ್ದ ಆ ಎರಡು ವರ್ಷಗಳಲ್ಲಿ ಹುಟ್ಟಿದ ಮಕ್ಕಳು ಈಗ ತಾವೇ ಶಾಲೆಗೆ ಸೇರುತ್ತಿದ್ದಾರೆ. ಬಗಾಂಡರ ಮಗುವಿಗೆ ಕುಲವೂ ಕುಲದ ಹೆಸರೂ ತಂದೆಯ ಕಡೆಯಿಂದ ಬರತಕ್ಕವು. ಯಾವ ಮಗುವನ್ನು ತಂದೆಯು ತನ್ನದೆಂದು ಒಪ್ಪಿಕೊಳ್ಳಲಿಲ್ಲವೋ ಆ ಮಗುವಿಗೆ ಸೆಂಗಾ ಇಲ್ಲ.